ಕೊನೆಯ ಸುತ್ತಿನ ಗಂಟೆಯಕ್ಕ

ಹಗಲಿಡೀ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕುವ ಆ ಹೆಂಗಸನ್ನು ಊರಿನ ಕ್ರೀಡಾಂಗಣದಲ್ಲಿ ಎಲ್ಲರೂ ಗಂಟೆಯಕ್ಕ ಅನ್ನುತ್ತಿದ್ದರು. ಓಟದಲ್ಲಿ ಇನ್ನೊಂದೇ ಸುತ್ತು ಉಳಿದಾಗ ಗೆರೆಯ ಪಕ್ಕ ನಿಂತು ಹಿತ್ತಾಳೆ ಗಂಟೆ ಬಾರಿಸುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷದ ಬಿಟ್ಟಿ ಚಾಕರಿ. ಕೊಟ್ಟದ್ದು ಒಂದು ಟೋಪಿ, ಅದೂ ಕಣ್ಣಿನ ತನಕ ಇಳಿಯುತ್ತಿತ್ತು.

ಒಂದು ಕಾಲಕ್ಕೆ ಆಕೆಯೂ ಎಂಟುನೂರು ಮೀಟರ್ ಓಡಿದವಳೇ. ಮದುವೆಯಾದ ಮೇಲೂ ಬೆಳಿಗ್ಗೆ ಶೂ ಕಟ್ಟಿದಾಗ ಅತ್ತೆ ಕೇಳಿದ್ದರು, “ಯಾರ ಹಿಂದೆ ಓಡ್ತೀಯೇ?”

“ಯಾರ ಹಿಂದೆನೂ ಅಲ್ಲತ್ತೆ, ಎಲ್ಲರ ಮುಂದೆ.”

ಅತ್ತೆ ಮೂರು ದಿನ ಮಾತು ಬಿಟ್ಟರು. ಸಂಸಾರದಲ್ಲಿ ಅಷ್ಟು ನೆಮ್ಮದಿಯ ಮೂರು ದಿನ ಮತ್ತೆ ಸಿಗಲಿಲ್ಲವೆಂದು ಗಂಟೆಯಕ್ಕ ಇವತ್ತಿಗೂ ಕೊರಗುತ್ತಾಳೆ. ಓಟ ನಿಂತಿತು, ಗಂಟೆ ಉಳಿಯಿತು. ಉಳಿದ ಸುತ್ತುಗಳನ್ನು ತೋರಿಸುವ ಮಿನುಗುವ ಬೋರ್ಡನ್ನು ಆಕೆ ನಂಬುವುದಿಲ್ಲ. ಸುತ್ತಿಗೊಂದು ಪೆನ್ಸಿಲ್ ಗೆರೆ, ಪಕ್ಕದಲ್ಲಿ ಸಮಯ, ಗಂಟೆ ಬಾರಿಸಿದ ಕಡೆ ಒಂದು ಸೊನ್ನೆ. ಇದು ಆಕೆಯ ಸುತ್ತಿನ ಪಟ್ಟಿ.

ಆ ಕ್ರೀಡಾಂಗಣಕ್ಕೇ ವಿಶ್ವ ಚಾಂಪಿಯನ್‌ಶಿಪ್ ಬಂತು. ಹೆಂಗಸರ ಸಾವಿರದೈನೂರು ಮೀಟರ್ ಫೈನಲ್‌ನಲ್ಲಿ ಊರಿನ ಹುಡುಗಿಯೊಬ್ಬಳಿದ್ದಳು. ತೆಳ್ಳಗಿದ್ದುದಕ್ಕೆ ಎಲ್ಲರ ಬಾಯಲ್ಲೂ ಅವಳು ಕಡ್ಡಿ. ಓಟಕ್ಕೆ ಹತ್ತು ನಿಮಿಷ ಮುಂಚೆ ಸಮಿತಿಯ ಅಧ್ಯಕ್ಷ ಓಡಿಬಂದ.

“ಅಕ್ಕಾ, ಇವತ್ತು ಗಂಟೆ ಬಾರಿಸೋದು ಸಚಿವರು. ನೀವು ಪಕ್ಕದಲ್ಲಿ ಬರ್ಕೊಳ್ಳಿ ಸಾಕು.”

“ಗಂಡಸರ ಓಟದಲ್ಲಿ ಬಾರಿಸ್ಲಿ ಬಿಡಿ.”

“ಅಯ್ಯೋ, ಅದು ಸೀರಿಯಸ್ ಓಟ ಅಲ್ವಾ?”

ಗಂಟೆಯಕ್ಕ ಸಚಿವರಿಗೆ ಹೇಳಿನೋಡಿದಳು. “ಸಾರ್, ನಾನು ಕೈ ಎತ್ತಿದಾಗ ಬಾರಿಸಿ. ಅಲ್ಲೀತನಕ ಮುಟ್ಬೇಡಿ.”

“ನಲವತ್ತು ವರ್ಷ ರಾಜಕೀಯ ಮಾಡಿದೀನಮ್ಮ. ಒಂದು ಗಂಟೆ ಬಾರಿಸೋಕೆ ನಿನ್ನ ಹತ್ರ ಟ್ಯೂಷನ್ನಾ?”

ಓಟ ಶುರುವಾಗಿ ಇನ್ನೂ ಎರಡು ಸುತ್ತು ಬಾಕಿಯಿತ್ತು. ಆಗ ಕ್ಯಾಮೆರಾ ಸಚಿವರ ಕಡೆ ತಿರುಗಿತು. ಸಚಿವರಿಗೆ ಗೊತ್ತಿದ್ದ ಮುಹೂರ್ತ ಅದೊಂದೇ. ಹಲ್ಲು ಬಿಟ್ಟುಕೊಂಡು ಬಾರಿಸಿಯೇ ಬಾರಿಸಿದರು. “ಇನ್ನೂ ಎರಡಿದೆ!” ಎಂದು ಗಂಟೆಯಕ್ಕ ಗಂಟಲು ಹರಿದುಕೊಂಡದ್ದು ಆ ಸದ್ದಿನಲ್ಲಿ ಮುಳುಗಿತು. ಕಡ್ಡಿ ಬಾಣದಂತೆ ಚಿಮ್ಮಿದಳು. ಆ ಸುತ್ತನ್ನು ಎಲ್ಲರಿಗಿಂತ ಮೊದಲು ಮುಗಿಸಿ, ಕೈ ಮೇಲೆತ್ತಿ ನಿಂತಳು. ಬೋರ್ಡು ನೋಡಿಕೊಂಡು ಓಡಿದವರು ಒಬ್ಬೊಬ್ಬರಾಗಿ ಅವಳನ್ನು ದಾಟಿಹೋದರು. ವಿಷಯ ತಿಳಿದು ಕಾಲೆಳೆದುಕೊಂಡು ಹೋದ ಕಡ್ಡಿ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದಳು.

ಅವಳು ಅಪೀಲು ಹಾಕಿದಳು. ತೀರ್ಪುಗಾರರು ಸುತ್ತಿನ ಪಟ್ಟಿ ಕೇಳಿದರು. ಗಂಟೆಯಕ್ಕ ಕೂತಿದ್ದ ಗ್ಯಾಲರಿಯ ಕೆಳಗಿನ ಕೋಣೆಗೆ ಅಧ್ಯಕ್ಷ ಟೈಪು ಮಾಡಿಸಿದ ಹೊಸ ಪಟ್ಟಿ ಹಿಡಿದು ಬಂದ. ಅದರಲ್ಲಿ ಗಂಟೆ ಸರಿಯಾದ ಸುತ್ತಿನಲ್ಲೇ ಹೊಡೆದಿತ್ತು.

“ಇಡೀ ಸ್ಟೇಡಿಯಂ ಕೇಳಿಸ್ಕೊಂಡಿದೆಯಲ್ಲ ಸಾರ್?”

“ಕೇಳಿಸ್ಕೊಂಡವರ ಸಹಿ ಬೇಡ. ನಿಮ್ಮದೊಂದು ಸಾಕು.”

“ಹಾಕದಿದ್ರೆ?”

“ನಾಳೆಯಿಂದ ಮೈದಾನಕ್ಕೆ ಬರೋ ತಾಪತ್ರಯ ನಿಮಗಿರಲ್ಲ.”

ಆಕೆ ಆ ಹಾಳೆಯನ್ನು ಚಾದರ ಮಡಿಸಿದಷ್ಟೇ ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಅಧ್ಯಕ್ಷನ ಜೇಬಿಗೆ ತುರುಕಿದಳು. ನೆಟ್ಟಗೆ ತೀರ್ಪುಗಾರರ ಕೋಣೆಗೆ ಹೋಗಿ ತನ್ನ ಪೆನ್ಸಿಲ್ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಸೊನ್ನೆ ಒಂದು ಸುತ್ತು ಮುಂಚೆಯೇ ಇತ್ತು. ಪಕ್ಕದಲ್ಲಿ ‘ಸಚಿವರು’ ಎಂದಿತ್ತು.

ಒಂದು ದಿನ ಬಿಟ್ಟು ಮತ್ತೆ ಓಟ ನಡೆಸಬೇಕೆಂದು ತೀರ್ಪಾಯಿತು. ಸಚಿವರು ನಾಚಿದರೆಂದು ತಿಳಿಯಬೇಡಿ. “ಹೆಣ್ಣುಮಕ್ಕಳಿಗೆ ಎರಡನೇ ಅವಕಾಶ ಕೊಡಿಸಿದ್ದೇನೆ” ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಅಧ್ಯಕ್ಷ ಮಾಲೆ ಹಾಕಿದ. ಗಂಟೆಯಕ್ಕನ ಪಾಸನ್ನು ಗೇಟಿನಲ್ಲೇ ಕಿತ್ತುಕೊಂಡರು.

ಮರುಓಟವನ್ನು ಆಕೆ ಆಸ್ಪತ್ರೆಯ ಇಸ್ತ್ರಿ ಕೋಣೆಯ ಟಿವಿಯಲ್ಲಿ ನೋಡಿದಳು. ಕಡ್ಡಿ ಆರನೆಯವಳಾದಳು.

ಚಾದರದ ಇನ್ನೊಂದು ತುದಿ ಹಿಡಿದಿದ್ದ ಗೆಳತಿಗೆ ತಡೆಯಲಾಗಲಿಲ್ಲ. “ಥೂ, ಬರೀ ಆರನೇದಕ್ಕೆ ಇಪ್ಪತ್ತೆರಡು ವರ್ಷದ ಜಾಗ ಕಳ್ಕೊಂಡ್ಯಾ ಮಾರಾಯ್ತಿ?”

“ಆರನೇದು ಅವಳ ಕಾಲಿಂದ ಬಂದದ್ದು ಕಣೇ,” ಎಂದಳು ಗಂಟೆಯಕ್ಕ. “ಮೊನ್ನೆ ಬಂದ ಕೊನೇ ಸ್ಥಾನ ಸಚಿವರದು. ಅದನ್ನ ಅವರೇ ಇಟ್ಕೊಳ್ಳಲಿ. ಎಳಿ, ಸುಕ್ಕು ಹಾಗೇ ಇದೆ.”