ಐಸಕ್ಕನ ಎರಡನೇ ಬಿಲ್ಲೆ

ಸೂಕ್ಷ್ಮದರ್ಶಕ ಬಿಟ್ಟು ಫೈಲು ಹಿಡಿದು ಹದಿನೈದು ವರ್ಷವಾಗಿದ್ದ ನಿರ್ದೇಶಕರು, ದೊಡ್ಡ ಪರದೆಯ ಮೇಲಿನ ಕಪ್ಪು ಗುಂಡುಗಳನ್ನು, ಪ್ರಯೋಗಾಲಯ ನೋಡಲು ಬಂದಿದ್ದ ಮಂಡಳಿಯ ಅಧ್ಯಕ್ಷರಿಗೆ ಹತ್ತು ನಿಮಿಷ ವರ್ಣಿಸಿದರು. ಸೊಳ್ಳೆಯಿಂದ ಮನುಷ್ಯನಿಗೆ ದಾಟುವ ವೈರಸ್ಸು ಇದೇ ಎಂದರು. ಅಧ್ಯಕ್ಷರು ತಲೆದೂಗಿದರು. ಹಿಂದೆ ಗೋಡೆಗೊರಗಿ ನಿಂತಿದ್ದ ಐಸಕ್ಕ ಕೆಮ್ಮಿದಳು.

"ಸಾರ್, ಅದು ವೈರಸ್ ಅಲ್ಲ. ಹಿಮದ ಹರಳು."

"ಮತ್ತೆ ವೈರಸ್ ಎಲ್ಲಮ್ಮಾ?"

"ಡಬ್ಬೀಲೇ ಇದೆ ಸಾರ್. ನಾನೇ ತಪ್ಪು ಬಿಲ್ಲೆ ಹಾಕಿದೀನಿ."

ಇಪ್ಪತ್ತೆರಡು ವರ್ಷದಿಂದ ಅವಳದು ಇದೇ ಕಸುಬು. ಹೆಸರುಕಾಳಿನಗಲದ ತಾಮ್ರದ ಬಿಲ್ಲೆಗೆ ವೈರಸ್ಸಿನ ಹನಿ ಬಿಟ್ಟು, ಕಾಗದದಿಂದ ಒತ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅತಿಶೀತಲ ದ್ರವದಲ್ಲಿ ಅದ್ದಿ ಹೆಪ್ಪುಗಟ್ಟಿಸಬೇಕು. "ಸೊಳ್ಳೆ ವೈರಸ್ಸಿಗೆ ಐಸ್ ಹೊದಿಸ್ತೀನಿ ಕಣೇ" ಎಂದು ತಂಗಿಗೆ ಹೇಳಿದ್ದಕ್ಕೆ, "ಯಾಕಕ್ಕಾ, ಅದಕ್ಕೂ ಜ್ವರಾನಾ?" ಎಂದು ಅವಳು ಕೇಳಿದ್ದಳು. ಐಸಕ್ಕ ಎಂಬ ಹೆಸರು ಅಲ್ಲಿಂದ ಅಂಟಿತು.

ದುಂಡನೆಯ ಡಬ್ಬಿಯಲ್ಲಿ ಸುತ್ತಲೂ ನಾಲ್ಕು ಗುಳಿ. ಗೀರು ಇರುವ ಗುಳಿಯನ್ನು ಒಂದೆಂದು ಹಿಡಿದು ಬಲಕ್ಕೆ ಎಣಿಸಬೇಕು. ಎರಡನೆಯದರಲ್ಲಿ ವೈರಸ್ಸು, ನಾಲ್ಕನೆಯದರಲ್ಲಿ ಬರೀ ನೀರು. ಬೆಳಗಿನಿಂದ ನಿಂತೇ ಇದ್ದವಳು ಶೀತದ್ರವದ ಹಬೆಯೊಳಗೆ ಎಡಕ್ಕೆ ಎಣಿಸಿಬಿಟ್ಟಿದ್ದಳು.

ಸೂಕ್ಷ್ಮದರ್ಶಕ ಯಂತ್ರ ಸಿಗುವುದು ಐದು ಗಂಟೆಯವರೆಗೆ. ಮತ್ತೆ ಸರದಿ ಬರುವುದು ಆರು ತಿಂಗಳಿಗೆ. ವೈರಸ್ಸು ಬೆಳೆಸಿದ ಕಿರಿಯ ವಿಜ್ಞಾನಿ ಮೇಡಂನ ನೌಕರಿ ಉಳಿದಿರುವುದು ನಾಲ್ಕೇ ತಿಂಗಳು. ಉಳಿದಿರುವ ಒಳ್ಳೆಯ ಬಿಲ್ಲೆಯೂ ಒಂದೇ.

"ಅಕ್ಕಾ, ಬೆಳಗಿನಿಂದ ಕೂತೇ ಇಲ್ಲವಲ್ಲ" ಎಂದಳು ಮೇಡಂ.

"ಕಾಲು ನೋಯ್ಲಿ ಬಿಡಮ್ಮಾ, ಚಿಮಟ ನಡುಗದಿದ್ರೆ ಸಾಕು. ನೀನು ಮಾತ್ರ ಉಸಿರು ಬಿಡಬೇಡ. ಬಿಲ್ಲೆ ಮೇಲೆ ಮಂಜು ಕೂತ್ಕೊಳುತ್ತೆ."

ಭುಜ ಕಿತ್ತುಬರುವಂತಿತ್ತು. ಮೊಣಕೈಯನ್ನು ಮೇಜಿಗೆ ಊರಿ, ಈ ಸಲ ಬಾಯಿಬಿಟ್ಟು ಬಲಕ್ಕೆ ಎಣಿಸಿ, ಬಿಲ್ಲೆಯನ್ನು ಎತ್ತಿ ಯಂತ್ರದಲ್ಲಿ ಕೂರಿಸಿದಳು. ಮನೆಗೆ ಹೋಗಲು ಅವಳಿಗೆ ಅವಸರವಿತ್ತು. ಆದರೆ ಮೇಡಂ ತೋಳು ಹಿಡಿದು ನಿಲ್ಲಿಸಿಕೊಂಡಳು.

ನಾಲ್ಕೂಮುಕ್ಕಾಲಿಗೆ ಪರದೆ ಬೆಳಗಿತು. ಬೂದು ಬಯಲಿನಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಚೆಂಡುಗಳು. ಮೇಡಂ ವಿವರಿಸಿದಳು: ಮೈತುಂಬ ಎಂಬತ್ತು ಮುಳ್ಳು, ಒಂದೊಂದು ಮುಳ್ಳೂ ಮೂರು ಜೋಡಿ ಪ್ರೋಟೀನು ಹೆಣೆದ ಜಡೆ, ಕೆಳಗೆ ಕೊಬ್ಬಿನ ಪೊರೆ, ಅದರೊಳಗೆ ಇನ್ನೊಂದು ಚಿಪ್ಪು. ಸೊಳ್ಳೆಯ ತಣ್ಣನೆ ಮೈಗೂ ಮನುಷ್ಯನ ಬಿಸಿ ಮೈಗೂ ಅದೇ ಅಂಗಿ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ನಿರ್ದೇಶಕರು ಈ ಸಲ ಪಕ್ಕಕ್ಕೆ ಸರಿದು ಅವಳಿಗೇ ಜಾಗ ಬಿಟ್ಟರು.

ಅಧ್ಯಕ್ಷರು ಐಸಕ್ಕನ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷದಿಂದ ಇದರ ಜೊತೆ ಇದೀರಂತೆ. ಇಂಥಾ ಚೆಲುವು ನೋಡಿದಾಗೆಲ್ಲ ಏನನ್ಸುತ್ತಮ್ಮಾ?"

ಐಸಕ್ಕ ಪರದೆಯನ್ನು ಇನ್ನೊಮ್ಮೆ ನೋಡಿದಳು.

"ಗೊತ್ತಿಲ್ಲ ಸಾರ್. ನೋಡ್ತಿರೋದು ಇವತ್ತೇ ಮೊದಲು. ಚಿತ್ರ ಕೆಟ್ಟರೆ ಮಾತ್ರ ನನ್ನ ಕರೀತಾರೆ."