ರೈಟಕ್ಕನ ರಿವರ್ಸು

ಬಸ್ಸಿನ ಹಿಂಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಎಂದು ಕೂಗುತ್ತಲೇ ಅರ್ಧ ಆಯುಸ್ಸು ಕಳೆದಿದ್ದ ಆ ಕಂಡಕ್ಟರಮ್ಮನಿಗೆ ಡಿಪೋದವರು ಇಟ್ಟ ಹೆಸರು ರೈಟಕ್ಕ. ಎತ್ತರದ ಹೆಂಗಸು, ಗಟ್ಟಿ ಗಂಟಲು. ಕಾಲಗಲಿಸಿ, ಬಸ್ಸಿನ ಕುಲುಕಾಟಕ್ಕೆ ಮೈಕೊಟ್ಟು ನಿಲ್ಲುವುದು ಎಷ್ಟು ಒಗ್ಗಿತ್ತೆಂದರೆ, ಮನೆಯಲ್ಲಿ ಒಲೆಯ ಮುಂದೆಯೂ ಹಾಗೇ ನಿಲ್ಲುತ್ತಿದ್ದಳು. ನೆಲವೇನಾದರೂ ಅಲುಗಾಡುತ್ತಿದೆಯಾ ಎಂದು ಗಂಡ ರೇಗಿಸುತ್ತಿದ್ದ.

ಕಂಡಕ್ಟರುಗಳೂ ಮೆಕ್ಯಾನಿಕ್ಕುಗಳೂ ಬೇಕಾದರೆ ಡ್ರೈವಿಂಗ್ ತರಬೇತಿಗೆ ಸೇರಬಹುದು ಎಂದು ಡಿಪೋದಲ್ಲಿ ನೋಟಿಸು ಹಾಕಿದಾಗ ಮೊದಲು ಹೆಸರು ಕೊಟ್ಟವಳು ಅವಳೇ. ಯಾಕೆಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಳು. ಇಷ್ಟು ವರ್ಷ ಡ್ರೈವರುಗಳ ಹಿಂದಲೆ ನೋಡಿದ್ದು ಸಾಕಾಗಿದೆ ಎಂದು ಒಬ್ಬರಿಗೆ ಹೇಳಿದಳು. ನಿಂತು ನಿಂತು ಕಾಲು ನೋಯುತ್ತದೆ ಎಂದು ಇನ್ನೊಬ್ಬರಿಗೆ. ಎರಡೂ ನಿಜವೇ, ಆದರೆ ಎರಡೂ ಕಾರಣವಲ್ಲ. ಚಿಕ್ಕಂದಿನಿಂದ ದೊಡ್ಡ ಗಾಡಿಯ ಸ್ಟಿಯರಿಂಗ್ ಕಂಡರೆ ಕೈ ತುರಿಸುತ್ತಿತ್ತು ಎಂಬುದನ್ನು ಆ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳಲು ನಾಚಿಕೆ.

ತರಬೇತಿ ಕೊಡುತ್ತಿದ್ದವರು ಹಳೆಯ ಡ್ರೈವರ್. ಮಂಡಿ ಕೈಕೊಟ್ಟ ಮೇಲೆ ಕಲಿಸುವ ಕೆಲಸಕ್ಕೆ ಬಂದಿದ್ದರು. ಎಲ್ಲರಿಗೂ ಅವರು ಮೇಷ್ಟ್ರು. ಮೊದಲ ವಾರ ರೈಟಕ್ಕ ಬಸ್ಸನ್ನು ಎಲ್ಲೂ ಜಗ್ಗದಂತೆ ಹೊರಡಿಸಿ, ತಿರುವಿನಲ್ಲಿ ಮೆತ್ತಗೆ ಹೊರಳಿಸಿಕೊಂಡು ಬಂದದ್ದು ನೋಡಿ ಮೇಷ್ಟ್ರು ಬೆರಗಾದರು.

“ಇದು ಕಲಿಸಿ ಬರೋದಲ್ಲಮ್ಮ. ನಿನ್ನ ಕೈಯಲ್ಲೇ ಇದೆ. ಹುಟ್ಟಾ ಡ್ರೈವರ್ ನೀನು” ಎಂದರು.

ಆ ಮಾತು ಅವಳ ತಲೆಗೇರಿತು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ ಮೈಯೆಲ್ಲ ಹಿಟ್ಟು ಮಾಡಿಕೊಂಡು ಮನೆಗೆ ಬಂದಾಗ ಒಮ್ಮೆ ಹೇಳಿದಳು, ಊಟಕ್ಕೆ ಕೂತಾಗ ಇನ್ನೊಮ್ಮೆ ಹೇಳಿದಳು. ಅವನು ಎರಡನೇ ಸಲವೂ ಹೊಸದಾಗಿ ಕೇಳಿದವನಂತೆ ಹೌದಾ ಎಂದ.

ಆಮೇಲೆ ಬಂತು ರಿವರ್ಸು. ಬಸ್ ತೊಳೆಯುವ ಜಾಗದ ಹಿಂದಿನ ಅಂಗಳದಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಕೋನುಗಳನ್ನು ಎರಡು ಸಾಲಾಗಿ ಇಟ್ಟಿದ್ದರು. ಬಸ್ಸನ್ನು ಹಿಂದಕ್ಕೆ ತಂದು, ಕೋನುಗಳಿಗೆ ತಾಗಿಸದೆ ಆ ಸಾಲುಗಳ ನಡುವೆ ಸೇರಿಸಬೇಕು. ಇದು ತನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಳು ರೈಟಕ್ಕ. ಬಸ್ಸಿನ ಮಗ್ಗುಲು ತಟ್ಟಿ ‘ಬರ್ಲಿ, ಬರ್ಲಿ’ ಎನ್ನುತ್ತ ಎಷ್ಟು ಡ್ರೈವರುಗಳಿಗೆ ಅವಳು ಹಿಂದಿನ ದಾರಿ ತೋರಿಸಿರಲಿಲ್ಲ! ಗೇರು ಹಾಕಿದಳು, ಎಡಗನ್ನಡಿ ನೋಡಿದಳು, ತಿರುಗಿಸಿದಳು. ಕೆಳಗೆ ಏನೋ ನರಳಿದಂತಾಯಿತು. ಒಂದು ಕೋನು ಚಕ್ರದಡಿ ಚಪ್ಪಟೆಯಾಗಿತ್ತು.

ಮುಂದಿನ ಸಲ ಬಲಗಡೆಯ ಸಾಲೇ ಉರುಳಿತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಬಸ್ಸಿನ ಬಾಲ ಎಡಕ್ಕೆ ಹೋಗುತ್ತದೆ, ಮೂತಿ ಬಲಕ್ಕೆ ಹೊರಳುತ್ತದೆ. ಮೂತಿ ನೋಡಿದರೆ ಒಂದು ಲೆಕ್ಕ, ಬಾಲ ನೋಡಿದರೆ ಇನ್ನೊಂದು. ಕನ್ನಡಿಯಲ್ಲಿ ಎರಡೂ ಕಲಸುಮೇಲೋಗರ. ರೈಟಕ್ಕನಿಗೆ ಲೆಫ್ಟು ರೈಟೇ ಗೊತ್ತಿಲ್ಲ ಎಂದು ಕ್ಯಾಂಟೀನಿನ ಕಿಟಕಿಯಲ್ಲಿ ಯಾರೋ ನಕ್ಕರು. ಅವಳು ನೆಟ್ಟ ನೋಟ ಕದಲಿಸದೆ, ಮುಂದಿನ ಗಾಜು ನೋಡುತ್ತ ಸೀಟಿನಲ್ಲೇ ಕೂತಳು.

ಅಂದಿನಿಂದ ರಿವರ್ಸಿನ ಸರದಿ ಬಂದರೆ ಅವಳಿಗೆ ಸೊಂಟ ಹಿಡಿಯುತ್ತಿತ್ತು. ಇಲ್ಲವೇ, ಬೇರೆಯವರು ಮಾಡಲಿ, ನಾನು ಆಮೇಲೆ ಎಂದು ಜಾರಿಕೊಳ್ಳುತ್ತಿದ್ದಳು. ರಸ್ತೆಗೆ ಹೋಗುವುದಾದರೆ ಮಾತ್ರ ಮುಂದೆ. ಅಲ್ಲಿ ಮೇಷ್ಟ್ರು ಹೊಗಳುತ್ತಿದ್ದರಲ್ಲ. ಹುಟ್ಟಾ ಡ್ರೈವರ್ ಆದ ಮೇಲೆ ಕೋನು ಯಾಕೆ ಉರುಳಬೇಕು? ಉರುಳುತ್ತದೆ ಎಂದರೆ ಮೇಷ್ಟ್ರು ತಪ್ಪು ತಿಳಿದರೇ? ಅಥವಾ ಕೈಯಲ್ಲಿದ್ದದ್ದು ಹೋಗಿಬಿಟ್ಟಿತೇ? ಹಾಗೆ ಹೋಗಿಬಿಡುವಂಥದ್ದೇ ಅದು? ಯೋಚಿಸಿದಷ್ಟೂ ತಲೆ ಕೆಟ್ಟಿತು.

ಅವಳ ಜೊತೆ ಕಲಿಯುತ್ತಿದ್ದವರಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವನು ವರ್ಕ್‌ಶಾಪಿನ ಒಬ್ಬ ಮೆಕ್ಯಾನಿಕ್. ಸದಾ ಕೈಗೆ ಗ್ರೀಸು ಮೆತ್ತಿಕೊಂಡಿರುತ್ತಿದ್ದ ಅವನನ್ನು ಗ್ರೀಸಪ್ಪ ಎಂದೇ ಕರೆಯುತ್ತಿದ್ದರು. ಹೊರಡುವಾಗಲೇ ಎಂಜಿನ್ ನಿಲ್ಲಿಸಿಬಿಡುತ್ತಿದ್ದ. ರಿವರ್ಸಿನಲ್ಲಿ ಕೋನು ಸಾಲದೆ ಹಳೆ ಆಯಿಲ್ಲಿನ ಡ್ರಮ್ಮಿಗೂ ಗುದ್ದಿದ್ದ. ಮೇಷ್ಟ್ರು ಅವನ ಜನ್ಮ ಜಾಲಾಡಿದ್ದರು. ಪರೀಕ್ಷೆಯ ದಿನ ರಿವರ್ಸಿನಲ್ಲಿ ಆ ಗ್ರೀಸಪ್ಪ ಪಾಸಾದ. ರೈಟಕ್ಕ ಫೇಲಾದಳು.

ಮನೆಗೆ ಬಂದು ಚೀಲ ಮೂಲೆಗೆಸೆದು, ತನ್ನ ಕೈಲಾಗುವುದಿಲ್ಲ ಎಂದು ಸಾರಿಬಿಟ್ಟಳು. ಬಿಡು, ಕಂಡಕ್ಟರ್ ಕೆಲಸವೇನು ಕಮ್ಮಿ ಎಂದ ಗಂಡ. ಅದಕ್ಕೆ ಸಿಡುಕಿದಳು. ಹಾಗಾದರೆ ಬಿಡಬೇಡ ಎಂದ. ಅದಕ್ಕೂ ಸಿಡುಕಿದಳು. ಯಾವುದು ಹೇಳಿದರೆ ಸರಿ ಎಂದು ತಿಳಿಯದೆ ಅವನು ಬಟಾಣಿ ಬಿಡಿಸುತ್ತ ಕೂತ.

ಮಗಳು ಟೀಚರ್ ಆಗಲು ಓದುತ್ತಿದ್ದಳು. ತಟ್ಟೆ ಜೋಡಿಸುತ್ತಿದ್ದವಳು ತಿರುಗಿ, “ಬರಲ್ಲ ಅನ್ನಬೇಡಮ್ಮ. ಇನ್ನೂ ಬಂದಿಲ್ಲ ಅನ್ನು” ಎಂದಳು.

“ಎರಡ್ರಲ್ಲೂ ಬಂದಿಲ್ವಲ್ಲೇ.”

“ಬರಲ್ಲ ಅಂದ್ರೆ ಬಾಗಿಲು ಹಾಕ್ದಂಗೆ. ಬಂದಿಲ್ಲ ಅಂದ್ರೆ ದಾರಿ ನೋಡ್ತಿದ್ದೀವಿ ಅಂತ.”

ಜಾಣೆ, ಜಾಣ ಎಂದು ಹೊಗಳಿಸಿಕೊಂಡ ಮಕ್ಕಳು ಕಷ್ಟದ ಲೆಕ್ಕ ಬಂದರೆ ಮುಟ್ಟುವುದೇ ಇಲ್ಲವಂತೆ, ಜಾಣತನ ಹೋಗಿಬಿಡುತ್ತದೆಂಬ ಹೆದರಿಕೆಯಂತೆ. ಬುದ್ಧಿಯೂ ತೋಳಿನ ಹಾಗೆ, ದುಡಿಸಿದರೆ ಬಲಿಯುತ್ತದಂತೆ. ಮಗಳು ತನ್ನ ಪಾಠದಲ್ಲಿದ್ದುದನ್ನೆಲ್ಲ ಹೇಳಿದಳು. ರೈಟಕ್ಕನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಸೊಂಟನೋವಿನ ನೆನಪಾಗಿ ಮುಖ ಬಿಸಿಯಾಯಿತು. ಹಾಗಾದರೆ ಮೇಷ್ಟ್ರು ಹೇಳಿದ್ದು ಸುಳ್ಳೇ ಎಂದು ಕೇಳಿದಳು. ಸುಳ್ಳಲ್ಲ, ಆದರೆ ನಿಜ ಅಂತಲೂ ಅಲ್ಲ ಎಂದು ಶುರುಮಾಡಿದ ಮಗಳು ನಡುವೆಯೇ ಎದ್ದು ಪುಸ್ತಕ ಹುಡುಕಲು ಹೋದಳು.

ಮಾರನೆಯ ದಿನ ಪಾಳಿ ಮುಗಿಸಿ ರೈಟಕ್ಕ ವರ್ಕ್‌ಶಾಪಿಗೆ ಹೋದಳು. ಗ್ರೀಸಪ್ಪ ಒಂದು ಬಸ್ಸಿನಡಿ ಮಲಗಿದ್ದ. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ನಿನಗೆ ಹೇಗೆ ಬಂತು ಎಂದು ನೇರವಾಗಿ ಕೇಳಿದಳು.

“ನಂಗೇನ್ ಗೊತ್ತಕ್ಕ” ಎಂದಿತು ಬಸ್ಸಿನಡಿಯ ದನಿ. “ಗುದ್ದಿದಾಗೆಲ್ಲ ಇಳಿದು ನೋಡ್ತಿದ್ದೆ, ಅಷ್ಟೇ.”

“ಏನ್ ನೋಡ್ತಿದ್ದೆ?”

“ಎಲ್ಲಿ ಗುದ್ದಿದೆ, ಚಕ್ರ ಯಾವ ಕಡೆ ತಿರುಗಿದೆ ಅಂತ. ನೀವು ಇಳೀತಾನೇ ಇರ್ಲಿಲ್ಲ.”

ಅದು ನಿಜ. ಇಳಿದರೆ ಎಲ್ಲರಿಗೂ ಮುಖ ಕಾಣುತ್ತದಲ್ಲ.

ಮತ್ತೆ ಅಂಗಳ ಬೇಕೆಂದು ಕೇಳಿದಾಗ ಮೇಷ್ಟ್ರು ಪೆಚ್ಚಾಗಿ ಅವಳ ಕೈ ನೋಡಿದರು. ಅಂಥಾ ಕೈಗೆ ಏನಾಯಿತೋ ಎಂದು ನೊಂದುಕೊಂಡರು.

“ಕೈ ವಿಷಯ ಬಿಡಿ ಮೇಷ್ಟ್ರೇ” ಎಂದಳು ಅವಳು. “ನಂಗೆ ಗುದ್ದೋಕೆ ಸ್ವಲ್ಪ ಜಾಗ ಕೊಡಿ.”

ಮೊದಲ ಸಲ ಕೋನಿಗೆ ಗುದ್ದಿದ ಕೂಡಲೇ ಇಳಿದಳು. ಕ್ಯಾಂಟೀನಿನ ಕಿಟಕಿಯಲ್ಲಿ ನಗೆ ಕೇಳಿಸಿತು. ಬಾಗಿ ನೋಡಿದಳು. ಬಾಲ ಬಂದ ದಾರಿ ಮಣ್ಣಿನಲ್ಲಿ ಹಸಿಹಸಿಯಾಗಿ ಬಿದ್ದಿತ್ತು. ತಾನು ಅಂದುಕೊಂಡಿದ್ದ ದಾರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹತ್ತಿದಳು, ಗುದ್ದಿದಳು, ಇಳಿದಳು. ಹಾಗೆಂದು ದಿನದಿಂದ ದಿನಕ್ಕೆ ಸುಧಾರಿಸಿತು ಎಂದರೆ ಅದು ಕತೆ ಕಟ್ಟಿದಂತಾಗುತ್ತದೆ. ಎಡಗಡೆಯದು ಹಿಡಿತಕ್ಕೆ ಬಂದಾಗ ಬಲಗಡೆಯದು ಕೈತಪ್ಪುತ್ತಿತ್ತು. ಒಂದು ದಿನ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಸ್ಸು ಸಾಲಿನೊಳಗೆ ಇಳಿಯಿತು. ಮರುದಿನ ಅದೇ ಬಸ್ಸು, ಅದೇ ಅಂಗಳ, ಒಂದೂ ಕೂಡಿಬರಲಿಲ್ಲ. ನಿನ್ನೆ ಬಂದದ್ದು ಇವತ್ತು ಎಲ್ಲಿಗೆ ಹೋಯಿತು ಎಂದು ಮಗಳನ್ನು ಕೇಳಿದರೆ, ಅದು ಪುಸ್ತಕದಲ್ಲಿಲ್ಲ ಎಂದಳು.

ಎರಡನೇ ಪರೀಕ್ಷೆಯಲ್ಲೂ ರೈಟಕ್ಕ ಫೇಲಾದಳು. ಕೊನೆಯ ಕೋನು ತಾಗಿತು. ಪರೀಕ್ಷಕರು ಮುಗಿಯಿತು ಎನ್ನುವಷ್ಟರಲ್ಲೇ ಅವಳು ಇಳಿದು ಹಿಂದೆ ಹೋಗಿ ಬಗ್ಗಿ ನೋಡುತ್ತಿದ್ದಳು. ಅವರು ಗದರಿದರು. ಸ್ಟಿಯರಿಂಗ್ ನೇರ ಮಾಡುವುದು ತಡವಾಯಿತು, ಗೊತ್ತಾಯಿತು ಸಾರ್ ಎಂದು ಹೇಳಿ ಬಂದಳು. ಅವತ್ತು ಮನೆಯಲ್ಲಿ ಹೊಟ್ಟೆತುಂಬ ಉಂಡಳು. ಫೇಲಾದವಳು ಹೀಗೆ ಉಣ್ಣುವುದು ಕಂಡು ಗಂಡ, ಪಾಸಾಗಿ ಸುಳ್ಳು ಹೇಳುತ್ತಿದ್ದಾಳೋ ಏನೋ ಎಂದು ಮಗಳ ಮುಖ ನೋಡಿದ. ಅಳು ಯಾಕೆ ಬರುತ್ತಿಲ್ಲ ಎಂದು ರೈಟಕ್ಕನಿಗೂ ಆಶ್ಚರ್ಯವಾಗಿತ್ತು.

ಮೂರನೆಯದರಲ್ಲಿ ಪಾಸಾಯಿತು. ಹೆಚ್ಚಿನ ಸದ್ದುಗದ್ದಲವಿಲ್ಲದೆ ಆಯಿತು. ಈಗ ಅವಳದು ಆಸ್ಪತ್ರೆಯಿಂದ ರೈಲು ನಿಲ್ದಾಣದವರೆಗಿನ ಬಸ್ಸು. ಹಿಂಬಾಗಿಲಿನಿಂದ ಇನ್ನೊಬ್ಬಳು ಕೂಗುತ್ತಾಳೆ. ಗ್ರೀಸಪ್ಪ ಮಾತ್ರ ನಾಲ್ಕು ದಿನ ಬಸ್ಸು ಓಡಿಸಿ, ತನಗೆ ಬಸ್ಸಿನೊಳಗೆ ಕೂರುವುದಕ್ಕಿಂತ ಕೆಳಗೇ ವಾಸಿ ಎಂದು ವರ್ಕ್‌ಶಾಪಿಗೆ ಮರಳಿದ. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಬಿಟ್ಟನಲ್ಲ ಎಂದು ರೈಟಕ್ಕ ಎಷ್ಟೋ ದಿನ ಯೋಚಿಸಿದಳು. ಅವನು ಸೋತನೋ ಗೆದ್ದನೋ ಅವಳಿಗೆ ಬಗೆಹರಿದಿಲ್ಲ. ಅವನೇನೋ ಆರಾಮಾಗಿದ್ದಾನೆ.

ಹೋದ ತಿಂಗಳು ಡಿಪೋಗೆ ಎರಡು ಡಬ್ಬಿ ಜೋಡಿಸಿದ ಉದ್ದನೆಯ ಬಸ್ಸು ಬಂತು. ಅದನ್ನು ಓಡಿಸಲು ಕಲಿಯುವವರು ಯಾರು ಎಂದು ಕೇಳಿದಾಗ ಅನುಭವಸ್ಥ ಡ್ರೈವರುಗಳು ಚಪ್ಪಲಿ ನೋಡಿಕೊಂಡರು. ರಿವರ್ಸಿನಲ್ಲಿ ಅದರ ಸ್ವಭಾವವೇ ಬೇರೆ. ಎಡಕ್ಕೆ ತಿರುಗಿಸಿದರೆ ಹಿಂದಿನ ಡಬ್ಬಿ ಬಲಕ್ಕೆ ಓಡುತ್ತದೆ. ಈವರೆಗೆ ಕಲಿತದ್ದೆಲ್ಲ ಉಲ್ಟಾ. ರೈಟಕ್ಕ ಕೈ ಎತ್ತಿದಳು.

ಮೊದಲ ದಿನದ ತರಬೇತಿ ಮುಗಿಸಿ ಬಂದವಳನ್ನು, ಹೇಗಿತ್ತು ಎಂದು ಗಂಡ ಕೇಳಿದ. ನಡುವೆ ಮಡಚಿಕೊಂಡ ಬಸ್ಸನ್ನು ಬಿಡಿಸಲು ಮೂರು ಜನ ಬೇಕಾಯಿತಂತೆ.

“ಒಂದೂ ತಿಳೀಲಿಲ್ಲ” ಎಂದಳು ಅವಳು, ಚಪ್ಪಲಿ ಬಿಡುತ್ತ. “ನಾಳೆ ಬೇಗ ಹೋಗ್ಬೇಕು.”