ಕಂಡಕ್ಟರ್ ಹಿಲ್ಡಾಳ ಚಾಲನಾ ಪರೀಕ್ಷೆ

೧೯೭೦ರ ಅಕ್ಟೋಬರ್ ೧೩, ಮಂಗಳವಾರ. ಬೆಳಗಿನಿಂದ ಜಿನುಗುಮಳೆ, ಹತ್ತು ಗಂಟೆಯ ಹೊತ್ತಿಗೆ ನಿಂತರೂ ಗಿರಣಿ ಚಿಮಣಿಗಳ ತುದಿ ಮಂಜಿನಿಂದ ಹೊರಬರಲಿಲ್ಲ.

ಲ್ಯಾಂಕಷೈರಿನ ಒಂದು ಗಿರಣಿ ಊರಿನ ಪುರಸಭೆ ಬಸ್ಸುಗಳಲ್ಲಿ ಹಿಲ್ಡಾ ಆರ್ಮರಾಡ್ ಹತ್ತೊಂಬತ್ತು ವರ್ಷ ಟಿಕೆಟ್ ಕೊಟ್ಟವಳು. ಈಗ ಬರುತ್ತಿದ್ದ ಹೊಸ ಬಸ್ಸುಗಳಿಗೆ ಬಾಗಿಲು ಮುಂದೆ. ದುಡ್ಡು ಪಡೆಯುವವನೂ ಚಾಲಕನೇ. ಕಂಡಕ್ಟರುಗಳಿಗೆ ಉಳಿದದ್ದು ಚಾಲನೆ ಕಲಿಯುವ ದಾರಿಯೊಂದೇ. ಎರಡು ಸಲ ಪರೀಕ್ಷೆಗೆ ಅವಕಾಶ. ಎರಡರಲ್ಲೂ ತಪ್ಪಿದವರಿಗೆ ಆ ಶನಿವಾರವೇ ಕಡೆಯ ಸಂಬಳ. ಹಿಲ್ಡಾ ಒಮ್ಮೆ ತಪ್ಪಿದ್ದಳು. ಅವಳ ಗಂಡ ವಿಲ್ಫ್, ಗಿರಣಿಯ ಹತ್ತಿಧೂಳು ಎದೆಗೆ ಕಟ್ಟಿ, ಮೆಟ್ಟಿಲು ಹತ್ತಲಾರದೆ ಅಡುಗೆಮನೆಯಲ್ಲೇ ಮಲಗುತ್ತಿದ್ದ. ಮನೆಯ ಒಲೆ ಉರಿಯುತ್ತಿದ್ದುದು ಅವಳ ಸಂಬಳದಿಂದ.

ಅವಳಿಗೆ ಕಲಿಸಿದವನು ಅವಳ ಬಸ್ಸನ್ನೇ ಓಡಿಸುತ್ತಿದ್ದ ಜೋಡಿ ಚಾಲಕ ಕ್ಲಿಫರ್ಡ್ ಬ್ರೇಸ್‌ವೆಲ್. ಹಳೆಯ ಬಸ್ಸಿನಲ್ಲಿ ಚಾಲಕನ ಗೂಡಿನಲ್ಲಿ ಒಬ್ಬರಿಗಷ್ಟೇ ಜಾಗ. ಆದ್ದರಿಂದ ಭಾನುವಾರಗಳಂದು ಅವನು ಪ್ರಯಾಣಿಕರ ಕಡೆ, ಗೂಡಿನ ಗಾಜಿನ ಹಿಂದೆ ನಿಂತು ಹೇಳಿಕೊಟ್ಟ. ಅವನು ಬಸ್ಸು ಹೊರಡಿಸಲೆಂದು ಅವಳು ವರ್ಷಗಟ್ಟಲೆ ಹೊಡೆದಿದ್ದ ಎರಡೇಟಿನ ಗಂಟೆಯನ್ನು ಈಗ ಅವನೇ, ಹಿಂದೆ ದಾರಿ ಖಾಲಿಯಿದೆಯೆಂದು ನೋಡಿಕೊಂಡು, ಅವಳಿಗಾಗಿ ಹೊಡೆಯುತ್ತಿದ್ದ. ಅದು ನೆರವೆಂದೇ ಇಬ್ಬರೂ ತಿಳಿದಿದ್ದರು.

“ಹೆದರ್ಬೇಡ ಕಣೇ,” ಎಂದ ಕ್ಲಿಫರ್ಡ್, ಪರೀಕ್ಷೆಯ ಬೆಳಿಗ್ಗೆ. “ನಿನ್ನ ಬಾಯಿಗೆ ಕುಡುಕರೇ ಸುಮ್ನೆ ಇಳಿದು ಹೋಗ್ತಾರೆ. ಬಸ್ಸು ಯಾವ ಲೆಕ್ಕ?”

“ಕುಡುಕರಿಗೆ ಗೇರ್ ಇರಲ್ವಲ್ಲೋ ಕ್ಲಿಫ್.”

ಪರೀಕ್ಷಕ ಹಾರ್ಗ್ರೀವ್ಸ್ ಗಾಜಿನ ಹಿಂದೆ ಕುಳಿತರು. ಇಳಿಜಾರು, ಕಾಲುವೆಯ ಸೇತುವೆ, ಮಾರುಕಟ್ಟೆಯ ಇಕ್ಕಟ್ಟು, ಎಲ್ಲವನ್ನೂ ಹಿಲ್ಡಾ ಸಲೀಸಾಗಿ ದಾಟಿದಳು. ಚರ್ಚಿನ ನಿಲ್ದಾಣ ಬಂತು.

“ಇಲ್ಲಿ ನಿಲ್ಲಿಸಿ, ದಾರಿ ಖಾಲಿ ಇದ್ದಾಗ ಹೊರಡಿ,” ಎಂದರು.

ನಿಲ್ಲಿಸಿದಳು. ಕಾದಳು. ದಾರಿ ಖಾಲಿಯಾಯಿತು, ತುಂಬಿತು, ಮತ್ತೆ ಖಾಲಿಯಾಯಿತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಪರೀಕ್ಷಕರು ಗಾಜು ತಟ್ಟಿದರು.

“ಏನಮ್ಮಾ, ಯಾತಕ್ಕೆ ಕಾಯ್ತಿದ್ದೀರಿ?”

“ಗಂಟೆಗೆ, ಸಾರ್.”

“ಯಾರು ಹೊಡೀಬೇಕು? ಇನ್ಮೇಲೆ ಬಸ್ಸಲ್ಲಿ ನೀವೊಬ್ಬರೇ.”

ಅವಳ ಮುಖಕ್ಕೆ ರಕ್ತ ನುಗ್ಗಿತು. ಕನ್ನಡಿ ನೋಡದೆ ಬಸ್ಸು ಹೊರಡಿಸಿಬಿಟ್ಟಳು. ಪಕ್ಕದಲ್ಲಿ ಬರುತ್ತಿದ್ದ ಸೈಕಲ್ಲಿನವನೊಬ್ಬ ಪಕ್ಕಕ್ಕೆ ಹೊರಳಿ ಬಿದ್ದ. ಪೆಟ್ಟಾಗಲಿಲ್ಲ, ಎದ್ದು ಮನಸಾರೆ ಬೈದ. ಡಿಪೋದಲ್ಲಿ ಬಸ್ಸು ನಿಂತಾಗ ಹಾರ್ಗ್ರೀವ್ಸ್ ಕೆಳಗಿಳಿದು ಅವಳ ಕಿಟಕಿಯ ಬಳಿ ಬಂದರು.

“ಆಗಲ್ಲಮ್ಮಾ. ಕ್ಷಮಿಸಿ.”

“ಇನ್ನೊಂದೇ ಒಂದು ಸಲ, ಸಾರ್. ಸಂಬಳ ಬೇಡ, ಅಲ್ಲಿವರೆಗೂ ಬಸ್ಸು ತೊಳೀತೀನಿ.”

“ಅದು ನನ್ನ ಕೈಲಿಲ್ಲ.”

ಕ್ಯಾಂಟೀನಿನಲ್ಲಿ ಕ್ಲಿಫರ್ಡ್ ಅವಳ ಚಹಾಕ್ಕೆ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದ. ಅವಳ ಮುಖ ನೋಡಿದವನೇ ಎದ್ದು ನಿಂತ.

“ಏನಾಯ್ತೇ?”

“ಸೈಕಲ್ಲಿನವನೊಬ್ಬ ಅಡ್ಡ ಬಂದ.”

“ನಾನು ಹೇಳ್ಕೊಟ್ಟಿದ್ರಲ್ಲಿ ಏನಾದ್ರೂ ತಪ್ಪು...”

“ಇಲ್ಲ ಕಣೋ. ಚೆನ್ನಾಗೇ ಹೇಳ್ಕೊಟ್ಟಿದ್ದೆ.”

ಅವನು ಊರಿನ ಸೈಕಲ್ಲಿನವರ ವಂಶವನ್ನೆಲ್ಲ ಜಾಲಾಡಿದ. ಅವಳು ಆರಿದ ಚಹಾವನ್ನು ಕೊನೆಯ ಗುಟುಕಿನವರೆಗೂ ಕುಡಿದಳು.

ಸಂಜೆ ಮನೆಯ ಬೀಗದಲ್ಲಿ ಕೀಲಿಯಿಟ್ಟು, ಒಳಗಿನ ಕೆಮ್ಮು ನಿಲ್ಲುವವರೆಗೆ ಬಾಗಿಲಲ್ಲೇ ನಿಂತಳು.

“ಪಾಸಾ?” ಎಂದ ವಿಲ್ಫ್.

“ಶನಿವಾರ ಹೇಳ್ತಾರಂತೆ.”

ಅಂದಿನ ಖರ್ಚು: ಕೆಮ್ಮಿನ ಔಷಧಿ ಮೂರು ಶಿಲಿಂಗ್ ಒಂಬತ್ತು ಪೆನ್ನಿ, ಇಬ್ಬರಿಗೆ ಸೇರಿ ಒಂದೇ ಮಾಂಸದ ಕಡುಬು ಒಂದು ಶಿಲಿಂಗ್ ಮೂರು ಪೆನ್ನಿ, ಕಾಸು ಹಾಕಿದರೆ ಉರಿಯುವ ಗ್ಯಾಸ್ ಮೀಟರಿಗೆ ಒಂದು ಶಿಲಿಂಗ್, ಕೆಲಸ ಖಾಲಿಯಿರುವ ಜಾಹೀರಾತುಗಳಿಗಾಗಿ ಸಂಜೆಯ ಪತ್ರಿಕೆ, ಆರು ಪೆನ್ನಿ. ಹನ್ನೆರಡು ಪೆನ್ನಿಗೆ ಒಂದು ಶಿಲಿಂಗಿನಂತೆ ಒಟ್ಟು ಆರು ಶಿಲಿಂಗ್ ಆರು ಪೆನ್ನಿ.